ಹಣ ಕೊಡದೆ ಆಡುವ ಆಟ ನಿಜವಾಗಿ ಉಚಿತವೇ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಶಾಂತಿ ಮತ್ತು ಕರುಣೆ ಇರಲಿ.

ಸಹೋದರರೇ, ಇಂದು ನಮ್ಮ ಯುವಕರು ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಹಿರಿಯರಿಗೆ ಇದು ಮಕ್ಕಳಾಟದ ವಿಷಯ ಎನಿಸಬಹುದು. ಆದರೆ ಹಲಾಲ್-ಹರಾಮ್, ಕೊಟ್ಟ ಮಾತು, ಕಳೆಯುವ ಆಯುಷ್ಯ ಎಲ್ಲವೂ ಇದರೊಳಗಿದೆ. ಪ್ರಶ್ನೆ ಇಷ್ಟೇ: ತಿಂಗಳ ಚಂದಾ ಕೊಟ್ಟು ಆಡಬೇಕಾದ ಆನ್‌ಲೈನ್ ಆಟವನ್ನು ಹಣ ಕೊಡದೆ ಆಡಿದರೆ ತಪ್ಪೇನು? ಯಾರ ಜೇಬಿಗೂ ಕೈ ಹಾಕಿಲ್ಲವಲ್ಲ?

ಈ ಆಟಗಳಲ್ಲಿ ಆಡುವವನು ಯೋಧನದ್ದೋ ಬೇಟೆಗಾರನದ್ದೋ ಪಾತ್ರ ವಹಿಸುತ್ತಾನೆ. ದೇಶದೇಶಗಳ ಸಾವಿರಾರು ಜನರ ಜೊತೆ ಒಂದೇ ಲೋಕದಲ್ಲಿ ಆಡುತ್ತಾನೆ. 2004ರಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪೆನಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇವುಗಳಲ್ಲಿ ಹೆಸರಾದದ್ದು. ಅಮೆರಿಕದಲ್ಲಿ ಅದರ ಚಂದಾ ತಿಂಗಳಿಗೆ ಸುಮಾರು 15 ಡಾಲರ್. ಆಟ ಕಟ್ಟಿದವರ ಸಂಬಳ, ಹಗಲೂ ರಾತ್ರಿ ಓಡುವ ಕಂಪ್ಯೂಟರ್‌ಗಳ ಖರ್ಚು ಇಂತಹ ಹಣದಿಂದಲೇ ನಡೆಯಬೇಕು. ಇಂತಹ ಆಟಗಳ ಒಳಗೆ ಏನಿದೆ, ಏನಿರಬಾರದು ಎಂಬುದು ಬೇರೆ ಚರ್ಚೆ. ಇಂದು ಮಾತು ಹಣದ ಬಗ್ಗೆ.

ಹಣ ಕೊಡದೆ ಆಡುವವರು ಮುಖ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಮೂರೂ ಒಂದೇ ಅಲ್ಲ.

ಮೊದಲನೆಯದು ಮಾಲೀಕನೇ ತೆರೆದಿಟ್ಟ ಬಾಗಿಲು. ಈ ಆಟವನ್ನು 20ನೇ ಹಂತದವರೆಗೆ ಹಣವಿಲ್ಲದೆ ಆಡಲು ಕಂಪೆನಿಯೇ ಬಿಟ್ಟಿದೆ. ಇದು ಅಂಗಡಿಯವನು ರುಚಿ ನೋಡಲು ಕೊಡುವ ಖರ್ಜೂರದ ಹಾಗೆ. ಅವನೇ ಕೊಟ್ಟದ್ದನ್ನು ತಿಂದರೆ ದೋಷವಿಲ್ಲ. ಆದರೆ ಕೆಲವು ಆಟ ಮತ್ತು ಆ್ಯಪ್‌ಗಳಲ್ಲಿ ಮೊದಲ ಕೆಲವು ದಿನ ಮಾತ್ರ ಉಚಿತ. ಆ ದಿನಗಳು ಮುಗಿದ ಕೂಡಲೇ ಸುಳ್ಳು ಹೆಸರು, ಹೊಸ ಇಮೇಲ್ ಹಾಕಿ ಮತ್ತೆ ಒಳಗೆ ಬರುವವನು ರುಚಿ ನೋಡುತ್ತಿಲ್ಲ. ವೇಷ ಬದಲಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಾನೆ.

ಎರಡನೆಯದು ಹಿಂಬಾಗಿಲು. ಕಂಪೆನಿಯ ಅನುಮತಿ ಇಲ್ಲದೆ ಅದೇ ಆಟವನ್ನು ಬೇರೆಯವರು ತಮ್ಮ ಸರ್ವರ್‌ನಲ್ಲಿ ನಡೆಸುತ್ತಾರೆ. ‘ನೊಸ್ಟಾಲ್ರಿಯಸ್’ ಎಂಬ ಇಂತಹ ಒಂದು ಸರ್ವರ್‌ನಲ್ಲಿ ಆಟದ ಹಳೆಯ ರೂಪವನ್ನು ಬಹಳಷ್ಟು ಜನ ಉಚಿತವಾಗಿ ಆಡುತ್ತಿದ್ದರು. ಕಂಪೆನಿಯ ವಕೀಲರ ನೋಟಿಸ್ ಬಂದ ಮೇಲೆ 2016ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಹಳೆಯ ಆಟವನ್ನು ಕಂಪೆನಿಯೇ ಕೊಡುತ್ತಿಲ್ಲ, ನಾವು ಆಡಿದರೆ ಅವರಿಗೇನು ನಷ್ಟ ಎಂದು ಅನೇಕರು ವಾದಿಸಿದರು.

ಸಹೋದರರೇ, ನನ್ನ ಹಿತ್ತಲಲ್ಲಿ ಬಿದ್ದ ತೆಂಗಿನಕಾಯಿಯನ್ನು ನಾನು ಹೆಕ್ಕದಿದ್ದರೆ ಅದು ನಿಮ್ಮದಾಗುತ್ತದೆಯೇ? ಕಣ್ಣಿಗೆ ಕಾಣದ ಸೊತ್ತಿಗೂ ಒಡೆಯನಿದ್ದಾನೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು 1988ರಲ್ಲಿ ಕುವೈತ್‌ನಲ್ಲಿ ಸೇರಿ ಕೃತಿಸ್ವಾಮ್ಯ, ವ್ಯಾಪಾರದ ಹೆಸರು, ಆವಿಷ್ಕಾರದ ಹಕ್ಕುಗಳನ್ನು ಶರೀಅತ್ ರಕ್ಷಿಸುತ್ತದೆ, ಅವುಗಳನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿದರು.

ಮುಂದೆ ನಡೆದದ್ದನ್ನೂ ನೋಡಿ. ಆ ಆಟಗಾರರು ಹಳೆಯ ಆಟ ನಮಗೆ ಬೇಕು ಎಂದು ಸಹಿ ಸಂಗ್ರಹಿಸಿ ಕಂಪೆನಿಯನ್ನೇ ಕೇಳಿದರು. 2019ರ ಆಗಸ್ಟ್‌ನಲ್ಲಿ ಕಂಪೆನಿ ಅದನ್ನು ಮತ್ತೆ ತೆರೆಯಿತು. ಎದುರು ನಿಂತು ಕೇಳುವ ದಾರಿಯೂ ಇತ್ತು.

‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ನಾವು ಓದದೆ ಒತ್ತುತ್ತೇವೆ. ಅದೂ ಒಂದು ಕರಾರು. ಕರಾರುಗಳನ್ನು ಪೂರೈಸಿರಿ ಎಂಬ ಆಜ್ಞೆಯಿಂದಲೇ ಕುರ್‌ಆನಿನ ಅಲ್ ಮಾಇದಾ ಅಧ್ಯಾಯ ಆರಂಭವಾಗುತ್ತದೆ. ಎದುರಿನವನು ದೂರದ ದೊಡ್ಡ ಕಂಪೆನಿ, ಬೇರೆ ಧರ್ಮದವನು, ಶ್ರೀಮಂತ ಎಂಬ ಕಾರಣಕ್ಕೆ ಆ ಆಜ್ಞೆ ಸಡಿಲವಾಗುವುದಿಲ್ಲ. ಹಿಜ್ರಾದ ರಾತ್ರಿ ಮಕ್ಕಾದ ಜನ ಪ್ರಾಣ ತೆಗೆಯಲು ಹೊಂಚು ಹಾಕಿದ್ದಾಗಲೂ ಪ್ರವಾದಿ(ಸ)ಯವರು ಅವರ ಅಮಾನತ್ತುಗಳನ್ನು ಹಿಂತಿರುಗಿಸಲು ಅಲೀ(ರ)ರನ್ನು ಹಿಂದೆ ಬಿಟ್ಟು ಹೋದರು.

ಮೂರನೆಯ ದಾರಿ ಚತುರರದ್ದು. 2015ರಿಂದ ಈ ಆಟದಲ್ಲಿ ಟೋಕನ್ ವ್ಯವಸ್ಥೆ ಇದೆ. ಹಣವುಳ್ಳ ಆಟಗಾರ ಕಂಪೆನಿಯಿಂದ ಟೋಕನ್ ಕೊಂಡು ಆಟದೊಳಗೆ ಮಾರುತ್ತಾನೆ. ಮತ್ತೊಬ್ಬ ಆಟದಲ್ಲಿ ಗಳಿಸಿದ ಚಿನ್ನದಿಂದ ಅದನ್ನು ಕೊಂಡರೆ 30 ದಿನಗಳ ಆಟ ಸಿಗುತ್ತದೆ. ಕಂಪೆನಿಗೆ ಹಣ ಬಂದಿದೆ, ಎಲ್ಲರೂ ಒಪ್ಪಿದ್ದಾರೆ. ಇಲ್ಲಿ ಕಳ್ಳತನವಿಲ್ಲ.

ಆದರೆ ಯುವಕರೇ, ಲೆಕ್ಕ ಹಾಕಿ. ಆ ಚಿನ್ನಕ್ಕಾಗಿ ದಿನಕ್ಕೆ ಎರಡು ಗಂಟೆ ಕೂತರೆ ತಿಂಗಳಿಗೆ 60 ಗಂಟೆ. 15 ಡಾಲರ್ ಎಂದರೆ ಸಾವಿರದ ಮುನ್ನೂರು ರೂಪಾಯಿಯ ಆಸುಪಾಸು. ಗಂಟೆಗೆ ಇಪ್ಪತ್ತು ರೂಪಾಯಿ ಚಿಲ್ಲರೆ! ಈ ಕೂಲಿಗೆ ಗಾರೆ ಕೆಲಸಕ್ಕೆ ಕರೆದರೆ ನೀವು ಹೋಗುತ್ತೀರಾ? ಚಂದಾ ಉಳಿಯಿತು, ಆಯುಷ್ಯ ಖರ್ಚಾಯಿತು. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನ ನಷ್ಟದಲ್ಲಿದ್ದಾರೆ ಎಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಫಜ್ರ್ ನಮಾಝ್ ತಪ್ಪಿ, ಪರೀಕ್ಷೆಯ ಓದು ನಿಂತು, ತಾಯಿ ಊಟಕ್ಕೆ ಮೂರು ಸಲ ಕರೆದ ಮೇಲೂ ಏಳಲಾಗದ ಆಟವನ್ನು ಉಚಿತ ಎನ್ನಬೇಡಿ.

ಇನ್ನು ತಂದೆಯಂದಿರಿಗೆ ಒಂದು ಮಾತು. ಅಂಗಡಿಯ ಕಂಪ್ಯೂಟರ್‌ಗೆ ಕದ್ದ ಸಾಫ್ಟ್‌ವೇರ್ ಹಾಕಿಸುವುದು ನಾವು. ಬಿಡುಗಡೆಯಾದ ಮರುದಿನವೇ ಸಿನಿಮಾ ಫೋನಿಗೆ ಇಳಿಸುವುದು ನಾವು. ಮಗನ ವಯಸ್ಸು ಕಡಿಮೆ ಹೇಳಿ ಬಸ್ಸಿನಲ್ಲಿ ಅರ್ಧ ಟಿಕೆಟ್ ಪಡೆಯುವುದೂ ನಾವು. ಅದನ್ನೆಲ್ಲ ನೋಡಿ ಬೆಳೆದವನಿಗೆ ಆಟದ ವಿಷಯದಲ್ಲಿ ಮಾತ್ರ ಹರಾಮ್ ಎಂದರೆ ನಾಟುವುದು ಹೇಗೆ? ಮಗನ ಪಕ್ಕ ಕೂತು, ಏನು ಆಡುತ್ತೀಯಾ, ಅದು ಯಾರದ್ದು ಎಂದು ಕೇಳಿ. ಆಡಬಹುದು ಎನಿಸಿದರೆ ಸಮಯ ಗೊತ್ತುಮಾಡಿ, ಬೆಲೆ ಕೊಟ್ಟು ಆಡಲಿ. ಬೇಡ ಎನಿಸಿದರೆ ಕಾರಣ ಹೇಳಿ ಬೇಡ ಎನ್ನಿ. ಎರಡಕ್ಕಿಂತಲೂ ಕೆಟ್ಟದ್ದು ಕದ್ದು ಆಡುವುದನ್ನು ಕಂಡೂ ಕಾಣದಂತೆ ಇರುವುದು.

ಅಲ್ಲಾಹನು ನಮ್ಮ ಸಂಪಾದನೆಯನ್ನೂ ಬಿಡುವನ್ನೂ ಶುದ್ಧಗೊಳಿಸಲಿ. ನಮ್ಮ ಮಕ್ಕಳನ್ನು ಯಾರೂ ನೋಡದ ಕಡೆಯೂ ಪ್ರಾಮಾಣಿಕರಾಗಿರುವವರನ್ನಾಗಿ ಮಾಡಲಿ. ಆಮೀನ್.