ತೂಬಿನ ಕೀಲಿ ಯಾರ ಕೈಯಲ್ಲಿದೆ?

(ಕಾಲುವೆಯ ಕೊನೆ ಭಾಗದ ಹಳ್ಳಿಯೊಂದರಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆಗೆ ಬೆಲೆ ಇಲ್ಲ, ಸಾಲ ತೀರೋದಿಲ್ಲ ಅಂತ ಪ್ರತಿ ಸಭೆಯಲ್ಲೂ ಮಾತಾಡ್ತೀವಿ. ಆದರೆ ಬೆಳೆ ಬರಬೇಕಾದರೆ ಮೊದಲು ನೀರು ಬೇಕು. ಆ ನೀರು ಬಿಡೋರು ಯಾರು, ನಿಲ್ಲಿಸೋರು ಯಾರು? ಇದು ಬರೀ ಇಂಜಿನಿಯರರ ಪ್ರಶ್ನೆ ಅಲ್ಲ, ಅಧಿಕಾರದ ಪ್ರಶ್ನೆ.

ಮಲಪ್ರಭೆಯ ಕಥೆ ನಿಮಗೆ ಗೊತ್ತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ನರಗುಂದ, ನವಲಗುಂದದ ಎರೆಭೂಮಿಗೆ ಕಾಲುವೆ ತೋಡಿದರು. ಆಮೇಲೆ ಏನಾಯಿತು? ಕೆಲವು ಹೊಲ ನೀರು ಹೆಚ್ಚಾಗಿ ಸವಳು-ಜವಳು ಬಿದ್ದವು. ಕೊನೆಯ ಹೊಲಗಳಿಗೆ ನೀರು ಮುಟ್ಟಲೇ ಇಲ್ಲ. ಕರ ಮಾತ್ರ ತಪ್ಪದೆ ಬಂತು. ನೀರಿನ ಕರ ಸಾಲದೆಂದು ಎಕರೆಗೆ ಸಾವಿರ ರೂಪಾಯಿ ಮೀರಿದ ಅಭಿವೃದ್ಧಿ ಕರ! ಹತ್ತಿ ಧಾರಣೆ ಬಿದ್ದಿತ್ತು. ರೈತ ಎಲ್ಲಿಂದ ತರಬೇಕು?

1980ರ ಜುಲೈ 21ರಂದು ರೈತರು ಬೀದಿಗಿಳಿದರು. ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ಆ ಬೆಂಕಿ ನಾಡೆಲ್ಲ ಹಬ್ಬಿ, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರ ಜನವರಿ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕಾಲುವೆ ದಂಡೆಯ ಸಿಟ್ಟು ವಿಧಾನಸೌಧ ಮುಟ್ಟಿದ್ದು ಸುಳ್ಳಲ್ಲ.

ಸರ್ಕಾರ ಬದಲಾಯಿತು, ತೂಬಿನ ಕೀಲಿ ಬದಲಾಯಿತೇ? ಇಂದಿಗೂ ಯಾವಾಗ ನೀರು ಬಿಡಬೇಕೆಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಅಲ್ಲಿ ಮಂತ್ರಿ, ಶಾಸಕರು, ಅಧಿಕಾರಿಗಳದೇ ದೊಡ್ಡ ದನಿ. ನೀರು ನಮ್ಮ ಹಕ್ಕಾದರೆ ನಾವು ಲೆಕ್ಕ ಕೇಳ್ತೀವಿ. ಅದೇ ನೀರು ಸಾಹೇಬರ ಉಪಕಾರವಾದರೆ ಕೈ ಮುಗಿದು ಓಟು ಹಾಕ್ತೀವಿ. ಆಳುವವರಿಗೆ ಬೇಕಾದ್ದು ಈ ಎರಡನೆಯದೇ.

ತಪ್ಪು ನಮ್ಮಲ್ಲೂ ಇದೆ. ತುಂಗಭದ್ರಾ ಎಡದಂಡೆ ನೋಡಿ. ಯೋಜನೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲಿನ ಗಂಗಾವತಿ ಕಡೆ ಭತ್ತ ಹಬ್ಬಿತು. ಕೆಳಗಿನ ಮಾನ್ವಿ, ರಾಯಚೂರಿನವರು ಬತ್ತಿದ ಕಾಲುವೆ ನೋಡ್ತಾ ಕೂತರು. ಮೇಲಿನವನೂ ರೈತ, ಕೆಳಗಿನವನೂ ರೈತ. ಇವರಿಬ್ಬರ ಜಗಳ ಮುಂದುವರಿದಷ್ಟೂ ನಡುವೆ ನಿಂತ ಪುಢಾರಿಗೆ ಲಾಭ.

ಹಾಗಾದರೆ ಏನು ಮಾಡಬೇಕು? ಪ್ರತಿ ಊರಲ್ಲೂ ಒಂದು ಪುಸ್ತಕ ಇಡಿ. ಯಾವ ದಿನ ನೀರು ಬಂತು, ಎಷ್ಟು ದಿನ ಹರಿಯಿತು, ಯಾವ ಹೊಲಕ್ಕೆ ಮುಟ್ಟಲಿಲ್ಲ, ಬರೆಯಿರಿ. ನೀರು ಬಳಕೆದಾರರ ಸಂಘದ ಸಭೆಗೆ ತಪ್ಪದೆ ಹೋಗಿ, ಆ ಪುಸ್ತಕ ಮುಂದಿಡಿ. ಬಾರದ ನೀರಿಗೆ ಕರ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ಮೇಲಿನ ಊರಿನವರನ್ನೂ ಕರೆದು ಕೂಡಿಸಿ, ಸರದಿ ಗೊತ್ತುಮಾಡಿ. ಓಟು ಕೇಳಲು ಬಂದವರ ಮುಂದೆಯೂ ಅದೇ ಪುಸ್ತಕ ತೆರೆಯಿರಿ.

ನೀರಿನ ಲೆಕ್ಕ ನಮ್ಮ ಕೈಗೆ ಬರಲಿ. ಕೀಲಿಯನ್ನು ಆಮೇಲೆ ಕೇಳೋಣ.