ಹೊತ್ತು ತಪ್ಪದ ಹಳೇ ಕಂಪ್ಯೂಟರ್

ಮರದ ಹಲಗೆಯ ಮೇಲೆ ನವಿಲಿನ ಚಿತ್ರವನ್ನು ತಾನೇ ತಾನಾಗಿ ಕೊರೆಯುವ ಪುಟ್ಟ ಯಂತ್ರ ನೋಡಿದ್ದೀರಾ? ಅದಕ್ಕೆ ಸಿಎನ್‌ಸಿ ರೌಟರ್ ಅಂತಾರೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದನ್ನು ಹವ್ಯಾಸಿಗಳು ಮನೆಯಲ್ಲೇ ಜೋಡಿಸಿಕೊಳ್ಳುತ್ತಾರೆ. ಅದನ್ನು ನಡೆಸಲು ಪಕ್ಕದಲ್ಲೊಂದು ಕಂಪ್ಯೂಟರ್. ಎಷ್ಟೋ ಕಡೆ ಆ ಕಂಪ್ಯೂಟರ್ ಕಂಡರೆ ನಿಮಗೆ ನಗು ಬಂದೀತು: ಬಣ್ಣ ಮಾಸಿದ ಡಬ್ಬ, ಮರದ ಹೊಟ್ಟು ತುಂಬಿದ ಕೀಬೋರ್ಡ್, ಪರದೆಯ ಮೇಲೆ ವಿಂಡೋಸ್ ಎಕ್ಸ್‌ಪಿ! ಒಳಗಿನ ಕೋಣೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದ್ದರೂ ಯಂತ್ರದ ಕೆಲಸ ಈ ಮುದುಕನಿಗೇ. ಇದು ಜಿಪುಣತನವಲ್ಲ ಮಕ್ಕಳೇ, ಕಾರಣವಿದೆ.

ಯಂತ್ರದ ಕೈಕಾಲು ಆಡಿಸುವುದು ಸ್ಟೆಪ್ಪರ್ ಮೋಟರ್. ಫ್ಯಾನಿನ ಮೋಟರ್ ಸ್ವಿಚ್ ಒತ್ತಿದರೆ ಗಿರ್ರನೆ ತಿರುಗುತ್ತಲೇ ಇರುತ್ತದೆ. ಸ್ಟೆಪ್ಪರ್ ಹಾಗಲ್ಲ. ವಿದ್ಯುತ್ತಿನ ಒಂದು ಪಲ್ಸ್ ಬಂದರೆ ಒಂದು ಹೆಜ್ಜೆ, ಅಷ್ಟೇ. ಸಾಮಾನ್ಯವಾಗಿ ಒಂದು ಹೆಜ್ಜೆ ಅಂದರೆ 1.8 ಡಿಗ್ರಿ, 200 ಹೆಜ್ಜೆಗೆ ಒಂದು ಸುತ್ತು. ಚಲನೆ ಇನ್ನೂ ನುಣುಪಾಗಲಿ ಎಂದು ಒಂದೊಂದು ಹೆಜ್ಜೆಯನ್ನೂ ಎಂಟು ಪಾಲು ಮಾಡಿದ್ದಾರೆ ಅಂದುಕೊಳ್ಳಿ. ಆಗ ಸುತ್ತಿಗೆ 1600 ಪಲ್ಸ್ ಬೇಕು. ಒಂದು ಸುತ್ತಿಗೆ ಕೊರೆಯುವ ಬಿಟ್ 5 ಮಿಲಿಮೀಟರ್ ಸರಿಯುವುದಾದರೆ, ಮಿಲಿಮೀಟರಿಗೆ 320. ಈಗ ಬಿಟ್ ಸೆಕೆಂಡಿಗೆ 20 ಮಿಲಿಮೀಟರ್ ಓಡಬೇಕು. ಪೆನ್ಸಿಲ್ ತೊಗೊಂಡು ಗುಣಿಸಿ ನೋಡಿ. ಸೆಕೆಂಡಿಗೆ 6400 ಪಲ್ಸ್! ಅದೂ ಒಂದೇ ಮೋಟರಿಗೆ.

ಇಷ್ಟು ಪಲ್ಸ್ ಕಳಿಸುವುದು ಕಂಪ್ಯೂಟರಿಗೆ ಏನೇನೂ ಅಲ್ಲ. ಕಷ್ಟವಿರುವುದು ಒಂದೇ ಲಯದಲ್ಲಿ ಕಳಿಸುವುದರಲ್ಲಿ. ಮನೆ ಕಟ್ಟುವಲ್ಲಿ ಕೆಳಗೆ ನಿಂತವರು ಇಟ್ಟಿಗೆ ಎಸೆಯುವುದನ್ನು, ಮೇಲಿನವರು ಹಿಡಿಯುವುದನ್ನು ನೋಡಿದ್ದೀರಲ್ಲ? ಲಯ ಕೂಡಿತೆಂದರೆ ಕೆಲಸ ಸಲೀಸು. ಕೆಳಗಿನವರು ಯಾರೊಂದಿಗೋ ಮಾತಿಗೆ ನಿಂತು, ಅಯ್ಯೋ ತಡವಾಯಿತೆಂದು ಎರಡು ಇಟ್ಟಿಗೆ ಒಟ್ಟಿಗೇ ಎಸೆದರೆ ಒಂದು ನೆಲಕ್ಕೆ ಬಿತ್ತೆಂದೇ ಲೆಕ್ಕ. ಓಡುತ್ತಿರುವ ಮೋಟರೂ ಹೀಗೇ ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಇಂಥ ಮೋಟರ್ ವಾಪಸ್ ಏನನ್ನೂ ಹೇಳುವುದಿಲ್ಲ. ನವಿಲಿನ ಕೊಕ್ಕು ಒಂಚೂರು ಪಕ್ಕಕ್ಕೆ ಸರಿದು ಕೂರುತ್ತದೆ. ಅಲ್ಲಿಂದ ಮುಂದೆ ಕೊರೆದ ಗರಿಗಳೆಲ್ಲ ಅಷ್ಟೇ ಪಕ್ಕಕ್ಕೆ.

ನಮ್ಮ ದಿನಬಳಕೆಯ ಆಪರೇಟಿಂಗ್ ಸಿಸ್ಟಮ್ ಹೀಗೆ ಎಷ್ಟು ಸಲ ಬೇರೆ ಕಡೆ ತಿರುಗುತ್ತದೋ! ಅಪ್‌ಡೇಟ್ ಬಂತು, ವೈಫೈ ಕರೆಯಿತು, ಮೌಸ್ ಅಲುಗಿತು. ಒಂದು ಮಿಲಿಸೆಕೆಂಡ್ ತಡವಾದರೆ ವಿಡಿಯೋ ನೋಡುವ ನಮಗೆ ಗೊತ್ತೂ ಆಗದು. ಆದರೆ ಅಷ್ಟರಲ್ಲಿ ನಮ್ಮ ಮೋಟರಿಗೆ ಆರು ಪಲ್ಸ್ ಹೋಗಬೇಕಿತ್ತು. ಲ್ಯಾಪ್‌ಟಾಪಂತೂ ಬ್ಯಾಟರಿ ಉಳಿಸಲೆಂದು ಪ್ರೊಸೆಸರಿನ ವೇಗವನ್ನೇ ಏರಿಸಿ ಇಳಿಸಿ ಮಾಡುತ್ತಿರುತ್ತದೆ. ಈ ಕೆಲಸಕ್ಕೆ ಅದು ಬೇಡವೇ ಬೇಡ.

ಹವ್ಯಾಸಿಗಳ ಮೆಚ್ಚಿನ ಮ್ಯಾಕ್3 ಎಂಬ ತಂತ್ರಾಂಶ ಕೇಳುತ್ತಿದ್ದುದು ಬಲು ಕಡಿಮೆ: 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ, ಮತ್ತು ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ 25 ರಂಧ್ರಗಳ ಪ್ಯಾರಲಲ್ ಪೋರ್ಟ್. ಅದು ವಿಂಡೋಸ್‌ನ ಒಳಹೊಕ್ಕು ಸೆಕೆಂಡಿಗೆ 25,000 ಸಲ ಎಚ್ಚರಗೊಂಡು ‘ಈಗ ಪಲ್ಸ್ ಕಳಿಸಲೇ?’ ಎಂದು ನೋಡುತ್ತದೆ. ಈ ಪೋರ್ಟಿಗೆ ಬರೆದ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, 64 ಬಿಟ್‌ನಲ್ಲಿ ನಡೆಯದು. ಹಳೇ ಡಬ್ಬವನ್ನು ಜೋಪಾನ ಮಾಡಿಕೊಂಡಿರುವುದರ ಗುಟ್ಟು ಇದೇ.

ನನಗೆ ಹೆಚ್ಚು ಹಿಡಿಸಿದ್ದು ಲಿನಕ್ಸ್‌ಸಿಎನ್‌ಸಿ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆ 1990ರ ದಶಕದಲ್ಲಿ ಬೆಳೆಸಿದ ತಂತ್ರಾಂಶದಿಂದ ಹುಟ್ಟಿದ್ದು ಇದು, ಬಿಟ್ಟಿಯಾಗಿ ಸಿಗುತ್ತದೆ. ಹೊತ್ತು ತಪ್ಪದಂತೆ ತಿದ್ದಿದ ‘ರಿಯಲ್ ಟೈಮ್’ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದಕ್ಕೆ ಬೇಕು. ಜೊತೆಗೆ ಕಂಪ್ಯೂಟರನ್ನೇ ಪರೀಕ್ಷೆಗೆ ಕೂರಿಸುವ ‘ಲೇಟೆನ್ಸಿ ಟೆಸ್ಟ್’ ಇದೆ. ಚಿಕ್ಕದೊಂದು ಕಿಟಕಿ ತೆರೆದು ಅಂಕಿಗಳು ಓಡತೊಡಗುತ್ತವೆ. ಆಗ ನೀವು ಬೇಕೆಂದೇ ತಂಟೆ ಮಾಡಬೇಕು: ವಿಡಿಯೋ ಹಾಕಿ, ದೊಡ್ಡ ಫೈಲ್ ಕಾಪಿ ಮಾಡಿ, ಕಿಟಕಿಗಳನ್ನು ಅತ್ತಿತ್ತ ಎಳೆದಾಡಿ. ‘ಮ್ಯಾಕ್ಸ್ ಜಿಟರ್’ ಎಂಬಲ್ಲಿ ಈವರೆಗಿನ ಅತಿ ದೊಡ್ಡ ಏರುಪೇರು ದಾಖಲಾಗುತ್ತದೆ. ಒಮ್ಮೆ ಏರಿದ ಅಂಕಿ ಇಳಿಯುವುದಿಲ್ಲ. 20,000 ನ್ಯಾನೋಸೆಕೆಂಡ್ ಒಳಗಿದ್ದರೆ ಭೇಷ್. ಲಕ್ಷ ದಾಟಿತೋ, ಎಷ್ಟೇ ದುಬಾರಿ ಕಂಪ್ಯೂಟರ್ ಆಗಿರಲಿ, ಪಲ್ಸ್ ಕಳಿಸುವುದರಲ್ಲಿ ನಪಾಸು.

ಇನ್ನೊಂದು ಜಾಣ ಉಪಾಯವೂ ಇದೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ 2009ರಲ್ಲಿ ‘ಗರ್ಬಲ್’ ಎಂಬ ತಂತ್ರಾಂಶ ಬರೆದರು. ಅದು ಕೂರುವುದು ಅಂಗೈ ಅಗಲದ ಆರ್ಡುಯಿನೋ ಬೋರ್ಡಿನ ಮೇಲೆ. ಆ ಬೋರ್ಡಿನ ಮೆಮೊರಿ ಬರೀ 2 ಕೆಬಿ. ನಿಮ್ಮ ಮನೆಯ 8 ಜಿಬಿ ಕಂಪ್ಯೂಟರಿನದು ಅದರ ನಲವತ್ತು ಲಕ್ಷ ಪಟ್ಟಿಗೂ ಹೆಚ್ಚು! ಆದರೂ ಅದು ಸೆಕೆಂಡಿಗೆ 30,000 ಪಲ್ಸ್‌ವರೆಗೆ ಲಯ ಕೆಡದಂತೆ ಕಳಿಸಬಲ್ಲದು. ಅಲ್ಲಿ ಅಪ್‌ಡೇಟ್ ಇಲ್ಲ, ವೈಫೈ ಇಲ್ಲ, ಅದಕ್ಕೆ ಬೇರೆ ಕೆಲಸವೇ ಇಲ್ಲ.

ಬೋರ್ಡ್ ಇದ್ದರೆ ಹೊಸ ಲ್ಯಾಪ್‌ಟಾಪೂ ಆದೀತು. ಅದು ಯುಎಸ್‌ಬಿ ತಂತಿಯಲ್ಲಿ ‘ಇಲ್ಲಿಂದ ಅಲ್ಲಿಗೆ ಹೋಗು’ ಎಂಬ ಸಾಲುಗಳನ್ನು ಕಳಿಸುತ್ತಿದ್ದರೆ ಸಾಕು. ಬೋರ್ಡ್ ಮುಂದಿನ ಕೆಲವು ಸಾಲುಗಳನ್ನು ಮೊದಲೇ ಪಡೆದಿಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಜಾರುವ ಸೆಟ್ಟಿಂಗನ್ನು ಮಾತ್ರ ಮೊದಲೇ ಆರಿಸಿಬಿಡಿ. ಇಲ್ಲವಾದರೆ ಕೈಲಿದ್ದ ಸಾಲು ಮುಗಿದ ಕೂಡಲೇ ಯಂತ್ರ ನಿಲ್ಲುತ್ತದೆ, ಬಿಟ್ ಮಾತ್ರ ನವಿಲಿನ ಕತ್ತಿನಲ್ಲಿ ನಿಂತಲ್ಲೇ ತಿರುಗುತ್ತಾ ಮರವನ್ನು ಸುಟ್ಟು ಕಪ್ಪು ಮಾಡುತ್ತದೆ.