ಊರಿನ ಚಿಕ್ಕ ಮಕ್ಕಳು ಎಲ್ಲಿದ್ದಾರೆ?

(ಹೋಬಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಬಂದಾಗಲೆಲ್ಲ ಬೀಜ, ಗೊಬ್ಬರ, ಮಣ್ಣಿನ ಪರೀಕ್ಷೆ ಎಂದು ಮಾತನಾಡುವವನು. ಈ ದಿನ ಅಂಗನವಾಡಿಯ ಮಾತೆತ್ತಿದರೆ, “ಇವನಿಗೇಕಪ್ಪ ಆ ಉಸಾಬರಿ” ಎಂದು ಹಿಂದೆ ಕುಳಿತ ಹಿರಿಯರು ಕೇಳಬಹುದು. ಭತ್ತದ ಒಟ್ಲು ಬಿಡುವಾಗ ತಾವು ಎಷ್ಟು ಜೋಪಾನ ಮಾಡುತ್ತೀರೆಂಬುದನ್ನು ಕಂಡಿದ್ದೇನೆ. ಒಟ್ಲಿನಲ್ಲಿ ಸೊರಗಿದ ಪೈರು ನಾಟಿಯಾದ ಮೇಲೆ ಚೆನ್ನಾಗಿ ತೆಂಡೆ ಒಡೆಯುವುದಿಲ್ಲವೆಂದು ನಾನು ಹೇಳಬೇಕಾಗಿಲ್ಲ. ಮೂರರಿಂದ ಆರು ವರ್ಷದ ಮಕ್ಕಳ ವಿಷಯವನ್ನೂ ಅಷ್ಟೇ ಜೋಪಾನದಿಂದ ನೋಡಬೇಕೆಂದು ನನ್ನ ಅರಿಕೆ.

ನಮ್ಮ ತಾಲ್ಲೂಕಿಗೂ ಅಂಗನವಾಡಿಗೂ ಹಳೆಯ ನಂಟುಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ತಿರುಮಕೂಡಲು ನರಸೀಪುರವನ್ನೇ. ಮೊದಲಿಗೆ ತೆರೆದದ್ದು 100 ಅಂಗನವಾಡಿಗಳು. ಆಮೇಲೆ ಅದು ರಾಜ್ಯದ ಹಳ್ಳಿಹಳ್ಳಿಗೂ ಹೋಯಿತು. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು.

ನಾನು ಬೇರೆ ತಾಲ್ಲೂಕಿನವನು. ನಮ್ಮ ಕೊಪ್ಪಲು ಸಣ್ಣದು. ನಾನು ಚಿಕ್ಕವನಾಗಿದ್ದಾಗ ಅಲ್ಲಿ ಅಂಗನವಾಡಿ ಇರಲಿಲ್ಲ. ಅವ್ವ ಕಳೆ ಕೀಳಲು ಹೋದರೆ ನನ್ನನ್ನು ನೋಡಿಕೊಳ್ಳುವವಳು ನಮ್ಮಕ್ಕ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳಂತೆ. ನಾನು ಅತ್ತರೆ ಮೇಷ್ಟರು ಹೊರಕ್ಕೆ ಕಳಿಸುತ್ತಿದ್ದರಂತೆ. ಅವಳ ಓದು ಮೂರನೆಯ ತರಗತಿಗೇ ನಿಂತಿತು. ನಾನು ಕೃಷಿ ಡಿಪ್ಲೊಮಾ ಮುಗಿಸಿದೆ. ಲೆಕ್ಕದಲ್ಲಿ ಅಕ್ಕ ನನಗಿಂತ ಚುರುಕು; ಈಗಲೂ ಸಂತೆಯಲ್ಲಿ ಅವಳನ್ನು ಮೋಸಗೊಳಿಸಿದವರಿಲ್ಲ.

ಈಗ ನಮ್ಮ ಹಳ್ಳಿಗಳನ್ನು ನೋಡಿ. ಬೆಳಗ್ಗೆ ಎಂಟು ಗಂಟೆಗೆ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಕೈಯಲ್ಲಿ ನಾಲ್ಕು ಕಾಸು ಇರುವವರ ಮಕ್ಕಳು ಟೈ ಕಟ್ಟಿಕೊಂಡು ಪಟ್ಟಣದ ಕಾನ್ವೆಂಟಿಗೆ ಹೋಗುತ್ತಾರೆ. ಅಂಗನವಾಡಿಯಲ್ಲಿ ಉಳಿಯುವವರು ಹೆಚ್ಚಾಗಿ ಕೂಲಿಗೆ ಹೋಗುವವರ ಮಕ್ಕಳು, ಕೇರಿಯ ಮಕ್ಕಳು, ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳು. ಊರಿನ ಎರಡು ಬೀದಿಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂರದೆಯೇ ದೊಡ್ಡವರಾಗುತ್ತಿದ್ದಾರೆ. ವ್ಯಾನಿಗೆ ಇಂಗ್ಲಿಷ್ ಒಂದೇ ಕಾರಣವೆಂದು ನಾವು ಹೇಳಿಕೊಳ್ಳುತ್ತೇವೆ. ಯಾರ ಪಕ್ಕ ಕೂರಿಸಬೇಕೆಂಬ ಯೋಚನೆಯೂ ಕೆಲವು ಮನೆಗಳಲ್ಲಿ ಉಂಟು. ಬೇಸರ ಮಾಡಿಕೊಳ್ಳಬೇಡಿ, ಕಂಡದ್ದನ್ನು ಹೇಳಿದೆ.

ಇದರ ಮೇಲೆ ಹುಟ್ಟುವ ಮಕ್ಕಳೂ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ತಾಯಿಗೆ ಸರಾಸರಿ 1.7 ಮಕ್ಕಳು. ಚಿಕ್ಕ ಸಂಸಾರವಾದದ್ದು ಒಳ್ಳೆಯದೇ. ಆದರೆ ಶಾಲೆಯ ಗತಿ ಏನಾಗುತ್ತದೆ, ಲೆಕ್ಕ ಹಾಕಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. 62 ಮಕ್ಕಳಿರುವ ಶಾಲೆಯಿಂದ ಮೂರೇ ಮಕ್ಕಳು ವ್ಯಾನು ಹತ್ತಿದರೂ 59 ಆಯಿತು. ಮೂರನೆಯ ಮೇಷ್ಟರಿಗೆ ಲೆಕ್ಕದಲ್ಲಿ ಜಾಗವಿಲ್ಲ. ಉಳಿದ ಇಬ್ಬರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಅದನ್ನು ಕಂಡು ಮುಂದಿನ ವರ್ಷ ಇನ್ನೂ ನಾಲ್ವರು ವ್ಯಾನು ಹತ್ತುತ್ತಾರೆ. ಮಗುವಿಗೆ ನಾಲ್ಕು ವರ್ಷವಾಗುವಾಗ ಮನೆಯಲ್ಲಿ ಮಾಡಿದ ತೀರ್ಮಾನ ಶಾಲೆಗೆ ತಟ್ಟುವುದು ಹೀಗೆ.

“ಅಂಗನವಾಡಿಯಲ್ಲಿ ತಿಂದು ಮಲಗುವುದಷ್ಟೇ” ಎನ್ನುತ್ತೀರಿ. ಈ ದೂರಿನಲ್ಲಿ ನಿಜವೂ ಉಂಟು. ಆ ತಾಯಿ ಮಕ್ಕಳ ತೂಕ ಮಾಡಬೇಕು, ಗರ್ಭಿಣಿಯರ ಪಟ್ಟಿ ಬರೆಯಬೇಕು, ಆಹಾರದ ಲೆಕ್ಕ ಇಡಬೇಕು, ಸಾಲದ್ದಕ್ಕೆ ಸರ್ವೆಗಳು. ಕಥೆ ಹೇಳಲು, ಹಾಡಿಸಲು ಹೊತ್ತೆಲ್ಲಿ? ಸರ್ಕಾರಿ ಶಾಲೆಗಳಲ್ಲೇ ಎಲ್.ಕೆ.ಜಿ. ತೆರೆಯುವ ಮಾತು ಬಂದಾಗ, ಇರುವ ಮಕ್ಕಳೂ ಹೋದಾರೆಂಬ ಅಂಜಿಕೆಯಿಂದ ಅಂಗನವಾಡಿ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೆಂಗಳೂರಿಗೆ ಹೋಗಿ ಧರಣಿ ಕುಳಿತರು. ಎಲ್.ಕೆ.ಜಿ. ಎಲ್ಲಿ ನಡೆಯಬೇಕೆಂಬುದು ದೊಡ್ಡವರ ಚರ್ಚೆ. ನನಗೆ ಕೇಳಿದರೆ, ಮಗು ತನ್ನ ಕಾಲಿನಿಂದಲೇ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಅಷ್ಟೆ.

ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಎಂದೊಂದು ಉಂಟು. ನಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕೈ ಎತ್ತಿ ನೋಡೋಣ. ಇರಲಿ.

ಮುಂದಿನ ಗ್ರಾಮಸಭೆಗೆ ಬರುವಾಗ ಬೀದಿಗೊಬ್ಬರಂತೆ ಎಣಿಸಿಕೊಂಡು ಬನ್ನಿ: ಮೂರರಿಂದ ಆರು ವರ್ಷದ ಮಕ್ಕಳು ಎಷ್ಟು, ಅಂಗನವಾಡಿಗೆ ಎಷ್ಟು, ವ್ಯಾನಿಗೆ ಎಷ್ಟು, ಅಕ್ಕನ ಸೊಂಟದ ಮೇಲೆ ಎಷ್ಟು. ಕಬ್ಬು ಕಡಿಯಲು ಹೊರಗಿನಿಂದ ಬಂದವರು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿದ್ದರೆ ಅಲ್ಲಿಗೂ ಹೋಗಿ ಬನ್ನಿ. ಆ ಮಕ್ಕಳಿಗೂ ಅಂಗನವಾಡಿಯಲ್ಲಿ ಹಕ್ಕುಂಟು. ಪಟ್ಟಿ ಬರೆಯಲು ಕಾಗದ, ಪೆನ್ನು ನಾನು ತರುತ್ತೇನೆ.